ಅಪ್ಪನ ಫೋಟೊ ಎಂಬ ಗಾಳ

ಅಮ್ಮ,

ನಿನ್ನ ಹೆಸರಿನಲ್ಲಿ ನನಗೊಂದು ಮೇಲ್ ಬಂದಿತ್ತು: "ಪ್ರೀತಿಯ ಮಗಳೇ, ಅಪ್ಪನ ಹಳೇ ಫೋಟೊ ಸಿಕ್ಕಿದೆ, ತೆಗೆದು ನೋಡು." ಹುಟ್ಟಿದಾಗಿನಿಂದ ನನ್ನನ್ನು ಕತ್ತೆ ಎಂದೇ ಕರೆದವಳು ನೀನು, ಕಳ್ಳರು ಅಲ್ಲೇ ಸಿಕ್ಕಿಬಿದ್ದರು. ಒಂದು ಸರ್ಕಾರವೇ ಸಾಕಿರುವ ಹ್ಯಾಕರ್‌ಗಳು ಇವರು. ಇಂಥವರನ್ನು ಹಿಡಿಯುವುದೇ ನಮ್ಮ ಆಫೀಸಿನ ಕೆಲಸವಲ್ಲವೇ, ಇಷ್ಟು ದಿನ ನಾವು ಅವರ ಬೆನ್ನು ಹತ್ತಿದ್ದೆವು, ಈಗ ಅವರೇ ನಮ್ಮ ಬೆನ್ನಿಗೆ ಬಿದ್ದಿದ್ದಾರೆ.

ಇಂಥದ್ದನ್ನು ಪರೀಕ್ಷಿಸಲೆಂದೇ ಬೇರೆ ಇಟ್ಟಿರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಸುಳ್ಳೆಂದು ಗೊತ್ತಿದ್ದೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಳಗೆ ವೈರಸ್ ಇತ್ತು, ಅಪ್ಪ ಇರಲಿಲ್ಲ.

ಅಪ್ಪ ತೀರಿಹೋದ ಮೇಲೆ ನೋಡಿಕೊಳ್ಳಲು ನನ್ನ ಬಳಿ ಅವರ ಒಂದು ಫೋಟೊವೂ ಇಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುತ್ತಿದ್ದಾಗ ನೀನು ತೆಗೆದ ಫೋಟೊವನ್ನು ಅಂಚೆಯಲ್ಲಿ ಕಳಿಸು. ಮೇಲ್ ಪಾಸ್‌ವರ್ಡ್ ಬದಲಾಯಿಸು. ಲಕೋಟೆಯಲ್ಲಿ ನಾಲ್ಕು ಸಾಲು ಬೈದು ಬರೆ. ಕಳಿಸಿದವಳು ನೀನೇ ಎಂದು ಗೊತ್ತಾಗಲಿ.

ನಿನ್ನ
ಕತ್ತೆ