ಕಲ್ಲಿನ ಮುಖಕ್ಕೆ ತಮ್ಮನ ಕಿವಿ

ಸಂಜೆ ಐದು ಗಂಟೆ.

ಅಮ್ಮಾ, ಬೆಳಗಿನಿಂದ ಇಲ್ಲಿ ತಮ್ಮನ ಕಿವಿಯದೇ ಪಂಚಾಯಿತಿ. ಯುದ್ಧಕ್ಕೆ ಹೋಗಿ ಮರಳದ ಅವನು, ಅದಕ್ಕೂ ಮುಂಚೆ ಏಳು ವರ್ಷ ಸೈಕಲ್ಲಿನಲ್ಲಿ ತಮಗೆ ಬ್ರೆಡ್ಡು ಹಂಚಿದವನೆಂದು ಊರವರು ಚರ್ಚಿನ ಗೋಡೆಯಲ್ಲಿ ಅವನ ಮುಖ ಕೆತ್ತಿಸಿದ್ದಾರೆ. ಮೂಗು, ಗಲ್ಲ ಅವನವೇ. ಮೊರದಗಲದ ಕಿವಿ ಮಾತ್ರ ಕವಡೆಯಷ್ಟಾಗಿವೆ.

“ದೇವದೂತರಿಗೂ ಇಷ್ಟೇ ಇಡೋದಮ್ಮ. ಸತ್ತವರಿಗೆ ಮರ್ಯಾದೆ ಬೇಡ್ವಾ?” ಎಂದ ಕಲ್ಲುಕುಟಿಗ.

“ನಮ್ಮಮ್ಮ ಬಂದು, ಇವನು ಯಾರ ಮಗ ಅಂತ ಕೇಳಿದ್ರೆ?” ಎಂದೆ.

ಪಾದ್ರಿಗಳು ನನ್ನ ಕಡೆಗೇ ನಿಂತರು. “ಗಾಳಿ ಬೀಸಿದ್ರೆ ಸೈಕಲ್ ಆ ಕಿವಿಯಿಂದಾನೇ ಓಡ್ತಿತ್ತು. ದೊಡ್ಡದು ಮಾಡಪ್ಪ.”

ಕೊನೆಗೆ ಗಾರೆಯಲ್ಲಿ ಎರಡು ಕಿವಿ ಮಾಡಿ ಅಂಟಿಸಿದ. ಅಳತೆ ನಾನೇ ತೋರಿಸಿದೆ. ಚಿಕ್ಕಂದಿನಲ್ಲಿ ಹಿಂಡಿದ ಕೈ ಮರೆತಿರಲಿಲ್ಲ. ಈಗ ಅವನೇ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ಭಾನುವಾರವೇ ಬಾ, ಅವಸರ ಬೇಡ. ಎಡಗಿವಿ ಈಗಷ್ಟೇ ಬಿತ್ತು. ನಾಳೆ ಬೆಳಿಗ್ಗೆ ಮತ್ತೆ ಅಂಟಿಸುತ್ತಾರೆ.

ನಿನ್ನ ದೊಡ್ಡವಳು