ಕೆಂಪು ಗುರುತಿನ ಕೇಬಲ್

ಕ್ಯಾಂಪಿನಾಸ್,
ಆಗಸ್ಟ್ ೧೪, ೨೦೧೯

ಪ್ರೀತಿಯ ಜುಲೈದಿ,

ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡು, ಮುಂದೆ ಓದಿದರೆ ನಿನಗೆ ಬಾಯೇ ಬರುವುದಿಲ್ಲ.

ನಿನ್ನ ಸೆನ್ಸರ್ ಗೆದ್ದಿತು ಕಣೇ! ಮೂರು ವರ್ಷದ ಹಿಂದೆ ಐದು ನ್ಯಾನೊಸೆಕೆಂಡ್ ತಡವೆಂದು ಕಪಾಟಿಗೆ ತಳ್ಳಿದ್ದರಲ್ಲ, ಅದೇ. ನ್ಯೂಟ್ರಿನೋ ಕಣಗಳ ಪುಂಜದ ಮುಂದಿಡಲು ಕಳಿಸುವ ಎಂಟು ಸೆನ್ಸರಿನ ಪೆಟ್ಟಿಗೆಯಲ್ಲಿ ಈ ಸಲ ಒಂದು ಜಾಗ ಉಳಿದಿತ್ತು. ಜುಲೈದಿ ಮಾಡಿದ್ದನ್ನು ಇನ್ನೊಮ್ಮೆ ಅಳೆಯೋಣ ಎಂದೆ. ಪ್ರೊಫೆಸರ್ ಅನ್ಸೆಲ್ಮೊ ಕಾಫಿ ಕೆಳಗಿಟ್ಟು, "ಸೋತ ಕುದುರೆ ಮೇಲೆ ಮತ್ತೆ ಯಾಕಮ್ಮಾ ಬಾಜಿ ಕಟ್ತೀಯ?" ಎಂದರು. ಹಿಡಿದ ಹಟ ಬಿಡುವವಳೇ ನಾನು?

ಸೆನ್ಸರನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು, ಹೊಸ ಕೇಬಲ್ ಸಿಕ್ಕಿಸಿ, ಲೇಸರ್ ಮಿಂಚು ಹೊಡೆದೆವು. ತಡವೇ ಇಲ್ಲ! ಮೂರು ಸಲ ಅಳೆದರೂ ಅಷ್ಟೇ. ಪ್ರೊಫೆಸರ್ ಕನ್ನಡಕ ಒರೆಸಿಕೊಂಡು, "ಅವತ್ತು ಯಾರೋ ಒಂದು ಮೀಟರ್ ಜಾಸ್ತಿ ಉದ್ದದ ಕೇಬಲ್ ಹಾಕಿರ್ಬೇಕು. ಸೆನ್ಸರ್ ಸರಿಯಾಗೇ ಇತ್ತು, ಸುದ್ದಿ ಬರೋ ದಾರಿ ಉದ್ದ ಆಯ್ತು ಅಷ್ಟೆ" ಎಂದರು.

ಯಾವುದನ್ನೂ ಮುಟ್ಟದೆ ಹಾದುಹೋಗುವ ಆ ನ್ಯೂಟ್ರಿನೋ ಅಪರೂಪಕ್ಕೊಮ್ಮೆ ಎಡವಿದಾಗ ಏಳುವ ಕಿಡಿಯನ್ನು ಹಿಡಿಯುವುದರಲ್ಲಿ, ಎಂಟರ ಪೈಕಿ ನಿನ್ನದೇ ಚುರುಕು ಎಂದು ಹೋದ ಶುಕ್ರವಾರ ಸುದ್ದಿ ಬಂತು. ವರ್ಕ್‌ಶಾಪಿನ ಜುರಂದೀರ್ ಎಲ್ಲರಿಗೂ ಚೀಸ್ ಬನ್ ಹಂಚಿದ. "ಹೋಗೋವಾಗ ನನ್ನ ಕೈಗುಣಾನೇ ಸರಿ ಇಲ್ಲ ಅಂತ ಅಳ್ತಿದ್ಲಲ್ಲ, ಈಗ ಏನಂತಾಳೋ ಕೇಳು ಅವಳನ್ನ!" ಎಂದು ನನ್ನ ಬೆನ್ನು ತಟ್ಟಿದ. ನನಗೆ ನಗು, ಅಳು ಎರಡೂ ಬಂತು.

ಬಂದುಬಿಡು. ನಿಮ್ಮೂರು ಇಲ್ಯೆವುಸ್‌ನ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟದ್ದು ಸಾಕು. ಪ್ರೊಫೆಸರ್ ಕೂಡ ಬರೆಯುತ್ತಾರೆ. ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಟ್ಟಿಲ್ಲ.

ನಿನ್ನಮ್ಮನ ಕೈಗೊಂದು ಮುತ್ತು ಕೊಟ್ಟು ನನ್ನ ಪಾಲಿನ ಆಶೀರ್ವಾದ ಕೇಳಿಟ್ಟುಕೋ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಡಾಲ್ವ

ಮರೆತ ಮಾತಲ್ಲ, ಮುಂದೂಡಿದ ಮಾತು: ಆ "ಯಾರೋ" ನಾನೇ. ಸೆನ್ಸರ್ ಪರೀಕ್ಷಿಸುವ ಕಡುಚಳಿಗೆ ಅಂಟುಪಟ್ಟಿ ಉದುರುತ್ತದೆಂದು ಕೇಬಲ್‌ಗಳಿಗೆ ಉಗುರುಬಣ್ಣದ ಗುರುತು ಹಾಕುತ್ತಿದ್ದೆನಲ್ಲ, ಗಿಡ್ಡದಕ್ಕೆ ಬಿಳಿ, ಉದ್ದದಕ್ಕೆ ಕೆಂಪು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಎರಡೂ ಒಂದೇ ಥರ ಕಾಣುತ್ತವೆಂಬುದು ನನಗೆ ಹೊಳೆಯಲೇ ಇಲ್ಲ. ಅಳತೆ ಮುಗಿದ ಮೂರನೆಯ ದಿನ ದೊಡ್ಡ ದೀಪ ಹಾಕಿದಾಗ ನಿನ್ನ ಸೆನ್ಸರಿನ ಹಿಂದೆ ಕೆಂಪು ಕಂಡಿತು. ಆ ತಿಂಗಳೇ ನನ್ನ ಕೆಲಸ ಕಾಯಂ ಆಗಬೇಕಿತ್ತು. ಬಾಯಿ ಬಿಡಲಿಲ್ಲ. ನಾಳೆ ಪ್ರೊಫೆಸರ್‌ಗೆ ಹೇಳುತ್ತೇನೆ, ನಿನಗೆ ಮೊದಲು ಹೇಳಬೇಕಿತ್ತು. ನೀನು ಕೆಲಸ ಬಿಟ್ಟು ಹೊರಟ ಸಂಜೆ ನಿನ್ನನ್ನು ಬಸ್ಸು ಹತ್ತಿಸಲು ಬಂದೆನಲ್ಲ, ಆ ಕೇಬಲ್ ನನ್ನ ಹೆಗಲ ಚೀಲದಲ್ಲೇ ಇತ್ತು. ನೀನು ಅದರ ಮೇಲೆಯೇ ತಲೆಯಿಟ್ಟು ಅತ್ತೆ.