ದಿನಕ್ಕೆ ಒಂದೇ ಬಾಟಲಿ

ಹದಿನಾಲ್ಕನೆಯ ತಾರೀಕು,
ಭಾನುವಾರ ಮಧ್ಯಾಹ್ನ

ಗುಬ್ಬಿಯ ಅಮ್ಮನಿಗೆ,

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ, ಮಗಳು ಆರಾಮವಾಗಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರು ಫೋನು ಹಿಡಿದರೆ ಎರಡನೇ ನಿಮಿಷಕ್ಕೆ ಯಾರಾದರೊಬ್ಬರು ದನಿ ಏರಿಸುತ್ತೇವೆ. ಬೇರೆಯಾಗಿ ಮೂರು ವರ್ಷವಾದರೂ ಆ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ನಿನ್ನ ನರ್ಸ್ ತರಬೇತಿ ಮುಗಿಯುವವರೆಗೆ ಗುಬ್ಬಿ ನನ್ನ ಹತ್ತಿರ ಇರಲಿ ಎಂದು ನೀನು ಒಪ್ಪಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಹದಿನೈದು ವರ್ಷದ ಮಗಳನ್ನು ಒಲಿಸಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಸೈಕಲ್ಲಾಗಿದ್ದರೆ ಬಿಚ್ಚಿ ನೋಡುತ್ತಿದ್ದೆ. ಆ ಕಪ್ಪು ಬಣ್ಣದ ಕೂಲ್ ಡ್ರಿಂಕ್ ಅವಳಿಗೆ ಪ್ರಾಣ ಎಂದು ತಿಳಿಯಿತು. ಅದನ್ನೇ ತಂದು ಫ್ರಿಜ್ಜು ತುಂಬಿಸಿದೆ. ದಿನಕ್ಕೆ ಒಂದೇ ಗಂಟೆ ಫೋನು ಎಂದು ನೀನು ಮಾಡಿದ್ದ ಕಟ್ಟುಪಾಡನ್ನೂ ಸಡಿಲ ಬಿಟ್ಟೆ. ಅಮ್ಮನಿಗೆ ಹೇಳಬೇಡ ಎಂದದ್ದು ನಾನೇ, ಅವಳಲ್ಲ.

ಶಾಲೆಯಿಂದ ಬಂದವಳು ಸೋಫಾದ ಒಂದು ಮೂಲೆಯಲ್ಲಿ ಕಾಲು ಮಡಚಿ ಕೂರುತ್ತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಟಲಿ. ನಾನು ಸೈಕಲ್ ಅಂಗಡಿ ಮುಚ್ಚಿ ಬಂದು ಇನ್ನೊಂದು ಮೂಲೆಯಲ್ಲಿ ನನ್ನ ಫೋನು ಹಿಡಿಯುತ್ತಿದ್ದೆ. ಜಗಳವಿಲ್ಲ, ಮಾತೂ ಇಲ್ಲ. ಇದೇ ನೆಮ್ಮದಿ ಎಂದುಕೊಂಡಿದ್ದೆ, ನಾನೊಬ್ಬ ಪೆದ್ದ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳ ಎಡಗೆನ್ನೆ ಊದಿಕೊಂಡಿತ್ತು. ಎಷ್ಟೋ ದಿನದಿಂದ ಬಲಗಡೆಯೇ ಅಗಿಯುತ್ತಿದ್ದಳಂತೆ. ಎದುರಿಗೇ ಕೂತು ಉಣ್ಣುವ ನಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಹಲ್ಲಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, "ಕೂಲ್ ಡ್ರಿಂಕ್ ದಿನಕ್ಕೆ ಎಷ್ಟು ಬಾಟಲಿ ಕುಡೀತೀಯಮ್ಮ?" ಎಂದು ಕೇಳಿದರು. ಗುಬ್ಬಿ "ಒಂದು" ಎಂದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಮೂರು, ರಜೆಯ ದಿನ ನಾಲ್ಕು ಎಂದು ನನಗೆ ಗೊತ್ತಿತ್ತು. ತಂದಿಡುತ್ತಿದ್ದವನೇ ನಾನಲ್ಲವೇ? ಆದರೂ "ಹೌದು, ಒಂದೇ" ಎಂದೆ. "ಹಾಗಾದ್ರೆ ಹಲ್ಲೇ ಸುಳ್ಳು ಹೇಳ್ತಿರಬೇಕು" ಎಂದು ಆಕೆ ಕೈಗವಸು ಎಳೆದುಕೊಂಡರು.

ಅವತ್ತೇ ಒಂದು ಹಲ್ಲು ಕೊರೆದು ಕೀವು ತೆಗೆದರು. ಆಮೇಲೆ ಅದಕ್ಕೆ ರೂಟ್ ಕೆನಾಲ್, ಬೇರೆ ಮೂರಕ್ಕೆ ಸಿಮೆಂಟು. ಕೊರೆಯುವಷ್ಟು ಹೊತ್ತೂ ಗುಬ್ಬಿ ನನ್ನ ಕೈ ಬಿಡಲಿಲ್ಲ.

ಅವತ್ತು ವಾಪಸು ನಡೆದು ಬರುವಾಗ, ಮರಗಟ್ಟಿದ ಬಾಯಲ್ಲಿ ತೊದಲುತ್ತಾ ಕೇಳಿದಳು: "ನಾನು ಸುಳ್ಳು ಹೇಳಿದ್ದು ಬೈತಾರೆ ಅಂತ. ನೀನ್ಯಾಕಪ್ಪ ಹೇಳಿದ್ದು?"

ಸುತ್ತಿ ಬಳಸಿ ಹೇಳುವ ಜಾಣತನ ನನಗೆ ಬರಲಿಲ್ಲ. "ಅದನ್ನ ನಿಲ್ಲಿಸಿಬಿಟ್ರೆ ನೀನು ಅಮ್ಮನ ಹತ್ರ ಹೋಗಿಬಿಡ್ತೀಯೇನೋ ಅಂತ" ಎಂದೆ.

ಫುಟ್‌ಪಾತಿನಲ್ಲೇ ನಿಂತುಬಿಟ್ಟಳು. "ನಾನು ಬಾಟಲಿಗೋಸ್ಕರ ನಿನ್ನ ಜೊತೆ ಇದ್ದೀನಿ ಅಂದ್ಕೊಂಡಿದ್ದೀಯಾ? ನೀನು ಮಾತೇ ಆಡಲ್ಲ, ಅದಕ್ಕೇ ಫೋನ್ ನೋಡ್ತೀನಿ. ನೋಡ್ತಾ ಕೂತ್ರೆ ಬಾಟಲಿ ಖಾಲಿಯಾಗಿದ್ದೇ ಗೊತ್ತಾಗಲ್ಲ."

ಮನೆಗೆ ಬಂದವನೇ ಫ್ರಿಜ್ಜಿನ ಬಾಗಿಲು ತೆರೆದು ನಿಂತೆ.

ಉಳಿದಿದ್ದ ಬಾಟಲಿಗಳನ್ನು ಅವಳೇ ಸಿಂಕಿಗೆ ಸುರಿದಳು, ಕಣ್ಣು ಮುಚ್ಚಿಕೊಂಡು. ಮೊದಲ ವಾರ ಸಾಕುಸಾಕಾಯಿತು. ತಲೆನೋವು, ಸಿಡುಕು, ಬಾಗಿಲು ಬಡಿಯುವುದು. ಊಟದ ಹೊತ್ತಿಗೆ ಇಬ್ಬರ ಫೋನೂ ಡ್ರಾಯರಿನಲ್ಲಿ ಎಂದು ಗೊತ್ತುಮಾಡಿಕೊಂಡೆವು. ಎರಡನೇ ದಿನವೇ ಕದ್ದು ನೋಡಿ ಸಿಕ್ಕಿಬಿದ್ದವನು ನಾನು. ಹತ್ತನೇ ದಿನ ಅವಳು ಗೆಳತಿಯ ಮನೆಯಲ್ಲಿ ಒಂದು ಲೋಟ ಕುಡಿದು ಬಂದು, ಮುಖ ಸಪ್ಪಗೆ ಮಾಡಿಕೊಂಡು ತಾನಾಗಿಯೇ ಹೇಳಿದಳು. ಬೈಯಲು ನನಗೆ ಬಾಯಿ ಬರಲಿಲ್ಲ.

ಈಗ ಸಂಜೆ ಅಂಗಡಿಗೆ ಬರುತ್ತಾಳೆ. ಚಕ್ರದ ಬೆಂಡು ತೆಗೆಯುವುದನ್ನು ಕಲಿತಿದ್ದಾಳೆ. ಒಂದೊಂದೇ ಕಡ್ಡಿ ಬಿಗಿ ಮಾಡಿ, ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡುವಾಗ ಥೇಟ್ ನಿನ್ನ ಹಾಗೆ ತುಟಿ ಕಚ್ಚುತ್ತಾಳೆ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಒಳಗೆ ರೇಡಿಯೊ ಇಟ್ಟಿದ್ದೀರಾ ಎಂದು ನಿನ್ನೆ ಗಿರಾಕಿಯೊಬ್ಬರು ಕೇಳಿದರು. ಫೋನು ಪೂರ್ತಿ ಬಿಟ್ಟಿದ್ದಾಳೆ ಎಂದಲ್ಲ. ಹಾಡು ಕೇಳುತ್ತಾಳೆ, ಗೆಳತಿಯರೊಡನೆ ಹರಟುತ್ತಾಳೆ. ಆದರೆ ಕರೆದರೆ ತಲೆ ಎತ್ತುತ್ತಾಳೆ. ನನಗೆ ಅಷ್ಟು ಸಾಕು.

ಹೋದ ವಾರ ಡಾಕ್ಟರಮ್ಮನ ಮುಂದೆ ಇಬ್ಬರೂ ನಿಜ ಹೇಳಿದೆವು. ಈಗ ನಿನಗೂ ಹೇಳಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈ. ರಜೆ ಸಿಕ್ಕಾಗ ನೀನು ಒಮ್ಮೆ ಬಂದು ನಾಲ್ಕು ದಿನ ಇದ್ದು ಹೋಗಬೇಕಂತೆ, ಮಗಳು ಕೇಳುತ್ತಿದ್ದಾಳೆ.

ಇಂತಿ,
ಗುಬ್ಬಿಯ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಗುಬ್ಬಿ ಇದನ್ನು ಓದಿ, "ನಾನ್ಯಾವಾಗ ಕೇಳಿದೆ? ಮತ್ತೆ ಸುಳ್ಳಾ ಅಪ್ಪ?" ಎಂದಳು. ಸರಿ, ತಿದ್ದಿ ಬರೆಯುತ್ತೇನೆ. ಬಾ ಎಂದು ಕೇಳುತ್ತಿರುವವನು ನಾನು.